ಹಳೆಯ ಚಿತ್ರಗೀತೆಯನ್ನು ಹೊಸದಾಗಿ ಕಟ್ಟುವಾಗ ಎಷ್ಟರ ಮಟ್ಟಿಗೆ ಬದಲಿಸಬಹುದು?

ಚಿಕ್ಕಬಳ್ಳಾಪುರದ ಕಾಲೇಜು ತಂಡವೊಂದು 1960ರ ದಶಕದ ಗೀತೆಯನ್ನು ಹೊಸ ರೂಪದಲ್ಲಿ ಹಾಡಲು ಬಯಸಿ ಕೇಳಿರುವ ಪ್ರಶ್ನೆಯಿದು. ಪಲ್ಲವಿಯ ಸ್ವರಸಂಚಾರವನ್ನು ಉಳಿಸಿಕೊಂಡು ಉಳಿದದ್ದನ್ನು ಧೈರ್ಯವಾಗಿ ಬದಲಿಸಿ ಎಂಬುದು ನನ್ನ ಸಲಹೆ, ಏಕೆಂದರೆ ಕೇಳುಗರು ಹಾಡನ್ನು ಗುರುತಿಸುವುದು ಬಹುಮಟ್ಟಿಗೆ ಪಲ್ಲವಿಯಿಂದಲೇ.

ತಾಳದ ನಡೆಯನ್ನು ಚತುರಶ್ರದಿಂದ (ಪೆಟ್ಟಿಗೆ ನಾಲ್ಕು ಎಣಿಕೆ) ತಿಶ್ರಕ್ಕೆ (ಪೆಟ್ಟಿಗೆ ಮೂರು ಎಣಿಕೆ) ತಿರುಗಿಸಿದರೆ ಹಾಡಿನ ಚಹರೆಯೇ ಬದಲಾಗುತ್ತದೆ. ಆದರೆ ಆಗ ದೀರ್ಘಾಕ್ಷರಗಳನ್ನಷ್ಟೇ ಎಳೆಯಬೇಕು, ಹ್ರಸ್ವವನ್ನು ಎಳೆದರೆ ಅಥವಾ ಪದದ ನಡುವೆ ಉಸಿರು ತೆಗೆದುಕೊಂಡರೆ ಸಾಹಿತ್ಯದ ಅರ್ಥ ಕೆಡುತ್ತದೆ. ಅತಿ ಹೆಚ್ಚು ಸ್ವಾತಂತ್ರ್ಯವಿರುವುದು ಪಲ್ಲವಿ, ಚರಣಗಳ ನಡುವಿನ ವಾದ್ಯಭಾಗದಲ್ಲಿ. ಹಳೆಯ ಪಿಟೀಲು ಸಮೂಹದ ನಕಲು ಮಾಡುವ ಬದಲು ನಿಮ್ಮೂರಿನ ತಮಟೆಯನ್ನೇ ಅಲ್ಲಿ ನುಡಿಸಿ. ಇದೇ ಜಿಲ್ಲೆಯ ಪಿಂಡಿಪಾಪನಹಳ್ಳಿಯ ಮುನಿವೆಂಕಟಪ್ಪನವರಿಗೆ 2023ರಲ್ಲಿ ಪದ್ಮಶ್ರೀ ತಂದುಕೊಟ್ಟ ವಾದ್ಯವದು. ತಮಟೆ ಬಂದಲ್ಲಿ ಕೀಬೋರ್ಡನ್ನು ತಗ್ಗಿಸುವುದು ಒಳ್ಳೆಯದು.

1957ರ ಕೃತಿಸ್ವಾಮ್ಯ ಕಾಯ್ದೆಯ ಪ್ರಕಾರ, ಕಾಲೇಜಿನ ಚಟುವಟಿಕೆಯ ಭಾಗವಾಗಿ ಸಿಬ್ಬಂದಿ, ವಿದ್ಯಾರ್ಥಿಗಳು ಮತ್ತು ಪೋಷಕರ ಮುಂದಷ್ಟೇ ವಿದ್ಯಾರ್ಥಿಗಳು ಹಾಡುವುದಕ್ಕೆ ವಿನಾಯಿತಿಯಿದೆ. ಧ್ವನಿಮುದ್ರಿಸಿ ಬಿಡುಗಡೆ ಮಾಡುವುದಾದರೆ ಮಾತು ಬೇರೆ: ಮೊದಲ ಮುದ್ರಣದ ಐದು ವರ್ಷಗಳ ನಂತರ 31ಸಿ ಕಲಮಿನಡಿ ರಾಯಧನ ಕೊಟ್ಟು ಮರುಹಾಡಲು ಅವಕಾಶವಿದ್ದರೂ, ತಾಂತ್ರಿಕವಾಗಿ ಅನಿವಾರ್ಯವಲ್ಲದ ಬದಲಾವಣೆಗೆ ಆ ಕಲಮು ಒಪ್ಪುವುದಿಲ್ಲ. ಆದ್ದರಿಂದ ಇಷ್ಟೊಂದು ಮಾರ್ಪಾಡಿಗೆ ಸಾಹಿತ್ಯ ಮತ್ತು ಸಂಗೀತದ ಹಕ್ಕುದಾರರಿಂದ ಲಿಖಿತ ಒಪ್ಪಿಗೆ ಪಡೆಯಿರಿ. ಮೂಲ ಧ್ವನಿಮುದ್ರಿಕೆಯ ತುಣುಕನ್ನು ಸೇರಿಸುವುದಾದರೆ, ಅದರ ಹಕ್ಕಿನ ಅವಧಿ ಇನ್ನೂ ಮುಗಿದಿರದಿದ್ದಲ್ಲಿ, ಅದರ ಹಕ್ಕುದಾರರ ಒಪ್ಪಿಗೆಯೂ ಬೇಕು.