ಬಿ.ಪಿ.ಎಡ್. ಮಾಡಲೋ, ಸೈಕಾಲಜಿ ಓದಲೋ?

ಪ್ರಶ್ನೆ: ಬಿ.ಎ. ಕೊನೆಯ ವರ್ಷದಲ್ಲಿದ್ದೇನೆ. ಸೈಕಾಲಜಿ ನನ್ನ ಒಂದು ವಿಷಯ. ಅಂತರ ಕಾಲೇಜು ಕಬಡ್ಡಿ ಆಡಿದ್ದೇನೆ. ಮಕ್ಕಳಿಗೆ ಶಿಬಿರ ನಡೆಸುವ ಆಸೆ. ಬಿ.ಪಿ.ಎಡ್. (ದೈಹಿಕ ಶಿಕ್ಷಣದ ಪದವಿ) ಮಾಡಲೋ, ಎಂ.ಎಸ್ಸಿ. ಸೈಕಾಲಜಿ ಓದಲೋ? ಶಿಬಿರ ನಡೆಸೋಕೆ ಬೇರೆ ಕೋರ್ಸ್ ಇದೆಯಾ? ಅಪ್ಪ ‘ಏನ್ ಓದಿದ್ರೂ ಪಿ.ಟಿ. ಟೀಚರ್ ಆಗ್ತೀಯ ಅಷ್ಟೇ’ ಅಂತಾರೆ.
– ಓದುಗಿ, ಕೊಪ್ಪಳ

ಉತ್ತರ: ಪಿ.ಟಿ. ಟೀಚರ್ ಆದರೆ ಏನು ತಪ್ಪು ಅಂತ ಅಪ್ಪನನ್ನು ನನ್ನ ಪರವಾಗಿ ಕೇಳಮ್ಮ. ನಾನೂ ಮೂವತ್ತು ವರ್ಷ ಸೀಟಿ ಊದಿದವನೇ.

ನಿಮಗೆ ಬಿ.ಪಿ.ಎಡ್. ಸರಿ ಅನ್ನಿಸುತ್ತದೆ. ಎರಡು ವರ್ಷ, ನಾಲ್ಕು ಸೆಮಿಸ್ಟರ್. ಡಿಗ್ರಿಯಲ್ಲಿ ಶೇ 50 ಅಂಕ ಬೇಕು, ಜೊತೆಗೆ ಆಟದ ಸರ್ಟಿಫಿಕೇಟ್. ನಿಮ್ಮ ಕಬಡ್ಡಿ ಸರ್ಟಿಫಿಕೇಟ್ ಎಲ್ಲಿದೆ ಅಂತ ಇವತ್ತೇ ಹುಡುಕಿಡಿ. ಕೊನೇ ಗಳಿಗೆಯಲ್ಲಿ ಅದು ಸಿಗದೆ ಅತ್ತವರನ್ನು ಬಹಳ ನೋಡಿದ್ದೇನೆ. ಸುಮ್ನೆ ಮೈದಾನದಲ್ಲಿ ಓಡಿಸ್ತಾರೆ ಅಂದುಕೊಳ್ಳಬೇಡಿ. ಅನಾಟಮಿ, ಕಿನಿಸಿಯಾಲಜಿ ಅಂದರೆ ದೇಹದ ಚಲನೆಯ ಶಾಸ್ತ್ರ, ಸಂಖ್ಯಾಶಾಸ್ತ್ರ ಎಲ್ಲ ಓದಬೇಕು. ಮುಂದೆ ಎಂ.ಪಿ.ಎಡ್. ಮಾಡಿ, ಶೇ 55 ಅಂಕದ ಜೊತೆ ನೆಟ್ (ರಾಷ್ಟ್ರೀಯ ಅರ್ಹತಾ ಪರೀಕ್ಷೆ) ಪಾಸಾದರೆ ಕಾಲೇಜಿನಲ್ಲಿ ದೈಹಿಕ ಶಿಕ್ಷಣ ನಿರ್ದೇಶಕಿ ಹುದ್ದೆಗೆ ಅರ್ಹತೆ ಬರುತ್ತದೆ. ಅಲ್ಲಿ ಓಟದ ಪರೀಕ್ಷೆಯೂ ಉಂಟು. ಯು.ಜಿ.ಸಿ.ಯ (ವಿಶ್ವವಿದ್ಯಾಲಯ ಅನುದಾನ ಆಯೋಗ) 2018ರ ನಿಯಮದಂತೆ 30 ವರ್ಷದೊಳಗಿನ ಮಹಿಳೆಯರು 8 ನಿಮಿಷದಲ್ಲಿ 1000 ಮೀಟರ್ ಮುಗಿಸಬೇಕು. ನಡೆದರೂ ಆದೀತು, ಆದರೆ ಬೀಸು ನಡಿಗೆ ಬೇಕು.

ಇನ್ನು ಸೈಕಾಲಜಿ. ಬಿ.ಪಿ.ಎಡ್.ನ ರಾಷ್ಟ್ರೀಯ ಪಠ್ಯಕ್ರಮದಲ್ಲಿ ಅದಕ್ಕಿರುವುದು ಒಂದು ಪೇಪರ್. ಅದನ್ನೂ ಸೋಷಿಯಾಲಜಿ ಜೊತೆ ಹಂಚಿಕೊಳ್ಳಬೇಕು! ಅಷ್ಟು ಓದಿ ‘ಕ್ರೀಡಾ ಮನಶ್ಶಾಸ್ತ್ರಜ್ಞೆ’ ಅಂತ ಬೋರ್ಡ್ ಹಾಕಿದರೆ ಅದು ಮೋಸ. ಕೌನ್ಸೆಲಿಂಗೇ ನಿಮ್ಮ ದಾರಿ ಅನ್ನಿಸಿದರೆ ಎಂ.ಎಸ್ಸಿ.ಗೆ ಹೋಗಿ. ಕ್ಲಿನಿಕಲ್ ಸೈಕಾಲಜಿಸ್ಟ್ ಆಗುವುದಾದರೆ ಅದರಾಚೆಗೆ ಆರ್.ಸಿ.ಐ. (ಭಾರತೀಯ ಪುನರ್ವಸತಿ ಮಂಡಳಿ) ಮಾನ್ಯತೆಯ ಕೋರ್ಸ್ ಮತ್ತು ನೋಂದಣಿ ಬೇಕು. ಆದರೆ ನಿಮ್ಮ ಪತ್ರದಲ್ಲಿ ಜಾಸ್ತಿ ಕಾಣುವುದು ಮಕ್ಕಳ ಶಿಬಿರದ ಆಸೆ, ಅಲ್ವಾ?

ಶಿಬಿರಕ್ಕೆ ಬೇಕಾದ ಸೈಕಾಲಜಿ ಬೇರೆ. ಒಂದು ಶಿಬಿರದಲ್ಲಿ ಒಬ್ಬ ಹುಡುಗನಿಗೆ ದಿನಾ ರಾತ್ರಿ ಎಂಟಕ್ಕೆ ಹೊಟ್ಟೆನೋವು ಬರುತ್ತಿತ್ತು. ಡಾಕ್ಟರಿಗೆ ತೋರಿಸಿದೆವು, ಏನೂ ಇಲ್ಲ ಅಂದರು. ಮೂರನೇ ದಿನ ಗೊತ್ತಾಯಿತು: ಮನೆಯಲ್ಲಿ ಅಮ್ಮ ಊಟಕ್ಕೆ ಕರೆಯುವ ಹೊತ್ತು ಅದು. ಆ ಹೊತ್ತಿಗೆ ಸರಿಯಾಗಿ ಅವನ ಕೈಗೆ ಸಾರಿನ ಸೌಟು ಕೊಟ್ಟೆವು. ಎಲ್ಲರಿಗೂ ಬಡಿಸುತ್ತಾ ಬಡಿಸುತ್ತಾ ನೋವು ಮರೆತ. ಈ ಉಪಾಯ ಹೇಳಿಕೊಟ್ಟಿದ್ದು ನಮ್ಮ ಅಡುಗೆಯವರು, ಯಾವ ಪೇಪರೂ ಅಲ್ಲ.

ತರಬೇತಿ ಬೇಕೆಂದರೆ ಭಾರತ್ ಸ್ಕೌಟ್ಸ್ ಅಂಡ್ ಗೈಡ್ಸ್ ನೋಡಿ. ದೊಡ್ಡಬಳ್ಳಾಪುರದಲ್ಲಿ, ಹರಿಹರದ ಹತ್ತಿರದ ಕೊಂಡಜ್ಜಿಯಲ್ಲಿ ಅವರ ತರಬೇತಿ ಕೇಂದ್ರಗಳಿವೆ. ಬೇಸಿಕ್, ಅಡ್ವಾನ್ಸ್ಡ್, ಆಮೇಲೆ ಹಿಮಾಲಯ ವುಡ್ ಬ್ಯಾಡ್ಜ್ ಅಂತ ಮೆಟ್ಟಿಲು ಮೆಟ್ಟಿಲಾಗಿ ಕಲಿಸುತ್ತಾರೆ. ಬಂಡೆ ಹತ್ತುವ ಹುಚ್ಚಿದ್ದರೆ ಬಾದಾಮಿ ನಿಮಗೆ ದೂರವಲ್ಲ.

ಈ ಬೇಸಿಗೆಯಲ್ಲಿ ಹತ್ತಿರದ ಯಾವುದಾದರೂ ಮಕ್ಕಳ ಶಿಬಿರಕ್ಕೆ ಸ್ವಯಂಸೇವಕಿಯಾಗಿ ಹೋಗಿ. ವೇದಿಕೆ ಕೆಲಸ ಬೇಡ, ಅಡುಗೆಮನೆಯ ಲೆಕ್ಕ ಮತ್ತು ರಾತ್ರಿ ಪಾಳಿ ಕೇಳಿ ತೆಗೆದುಕೊಳ್ಳಿ. ವಾರ ಕಳೆದ ಮೇಲೂ ಆಸೆ ಉಳಿದಿದ್ದರೆ ಬಿ.ಪಿ.ಎಡ್.ಗೆ ಅರ್ಜಿ ಹಾಕಿ. ಫೀಸು ಕಟ್ಟುವ ಮೊದಲು ಕಾಲೇಜಿಗೆ ಎನ್.ಸಿ.ಟಿ.ಇ. (ರಾಷ್ಟ್ರೀಯ ಶಿಕ್ಷಕರ ಶಿಕ್ಷಣ ಪರಿಷತ್ತು) ಮಾನ್ಯತೆ ಇದೆಯಾ ಅಂತ ಮಾತ್ರ ತಪ್ಪದೆ ನೋಡಿ.