ಏಟನ್ನೂ ತಿಂಡಿ ಅಂದುಕೊಂಡ ಕಂಪ್ಯೂಟರ್

"ಯಾರೂ ಹೇಳಿಕೊಡದೆ, ಬರೀ ವೆಬ್ ಪುಟ ಓದಿಕೊಂಡೇ ಕಂಪ್ಯೂಟರ್ ವಿಷಯ ಕಲಿಯುತ್ತದಂತೆ, ನಿಜವಾ?" ಅಂತ ಕೇಳಿದ್ದೀರಿ. ನಿಜ. ಆದರೆ ಮೊದಲು ಸ್ವಲ್ಪ ಹೇಳಿಕೊಡಲೇಬೇಕು. ಹೆಪ್ಪು ಹಾಕದೆ ಹಾಲು ಮೊಸರಾಗುವುದಿಲ್ಲ ಅಲ್ವಾ?

ಅಮೆರಿಕದ ಪಿಟ್ಸ್‌ಬರ್ಗ್‌ನಲ್ಲಿ ಕಾರ್ನೆಗಿ ಮೆಲನ್ ವಿಶ್ವವಿದ್ಯಾಲಯವಿದೆ. ಅಲ್ಲಿ ಟಾಮ್ ಮಿಚೆಲ್ ಮತ್ತವರ ತಂಡ 2010ರ ಜನವರಿಯಲ್ಲಿ 'ನೆಲ್' ಅನ್ನುವ ಪ್ರೋಗ್ರಾಮ್ ಓಡಿಸಲು ಶುರು ಮಾಡಿತು. ಹಗಲೂ ರಾತ್ರಿ ವೆಬ್ ಪುಟ ಓದುವುದೇ ಅದರ ಕೆಲಸವಾಗಿತ್ತು. ಊರು, ಕಂಪನಿ, ಆಟಗಾರ, ತಿಂಡಿ ಅಂತ ಕೆಲವು ನೂರು ಗುಂಪು ಮಾಡಿ, ಒಂದೊಂದಕ್ಕೂ ಹತ್ತು ಹದಿನೈದು ಉದಾಹರಣೆ ಕೊಟ್ಟರು, ಅಷ್ಟೇ ಹೆಪ್ಪು. ಆ ಹೆಸರುಗಳು ಎಂಥ ವಾಕ್ಯದಲ್ಲಿ ಬರುತ್ತವೆ ಅಂತ ಅದು ನೋಡುತ್ತಿತ್ತು, ಅದೇ ಅಚ್ಚಿನ ಬೇರೆ ವಾಕ್ಯ ಹುಡುಕುತ್ತಿತ್ತು, ಅಲ್ಲಿ ಸಿಕ್ಕ ಹೊಸ ಹೆಸರು ಹಿಡಿದು ಮತ್ತೆ ಹೊಸ ಅಚ್ಚು ಕಂಡುಕೊಳ್ಳುತ್ತಿತ್ತು. 'ಮಾವು, ಹಲಸು ಮುಂತಾದ ಹಣ್ಣುಗಳು' ಅಂತ ನಾವು ಬರೆಯುತ್ತೇವಲ್ಲ, 'ಮುಂತಾದ ಹಣ್ಣುಗಳು' ಅನ್ನುವುದರ ಹಿಂದೆ ಇರುವುದೆಲ್ಲ ಹಣ್ಣು. ಹೀಗೆ.

ಕೇಳಲು ಸುಲಭ. ಒಮ್ಮೆ ಸುಮ್ನೆ ಕುತೂಹಲಕ್ಕೆ ನಾನೂ ಕನ್ನಡದಲ್ಲಿ ಮಾಡಿ ನೋಡಿದೆ. ಇಡ್ಲಿ, ದೋಸೆ, ವಡೆ ಕೊಟ್ಟೆ. ನನ್ನ ಪ್ರೋಗ್ರಾಮ್ ಹುಡುಕಿಕೊಂಡ ಅಚ್ಚು 'ತಿಂದ'. ಎರಡನೇ ಸುತ್ತಿನಲ್ಲೇ ಏಟು, ಲಂಚ, ತಲೆ ಮೂರೂ ತಿಂಡಿ ಪಟ್ಟಿಗೆ ಸೇರಿದವು! ಅಲ್ಲಿಗೆ ನಿಲ್ಲಲಿಲ್ಲ. 'ಏಟು ಕೊಟ್ಟ' ಅಂತಲೂ ಬರುತ್ತದೆ, ಹಾಗಾಗಿ 'ಕೊಟ್ಟ' ಕೂಡ ತಿಂಡಿಯ ಗುರುತಾಯಿತು, ಆಮೇಲೆ ಮಾತು, ಸಾಲ, ರಜೆ ಎಲ್ಲವೂ ತಿಂಡಿಯೇ. ಒಂದು ತಪ್ಪು ನುಸುಳಿದರೆ ಅದೇ ಮುಂದಿನ ಪಾಠದ ಮೇಷ್ಟ್ರಾಗಿಬಿಡುತ್ತದೆ, ಇಡೀ ತಲೆನೋವು ಇರುವುದು ಇಲ್ಲೇ.

ನೆಲ್‌ಗೂ ಇದೇ ಗತಿ ಬಂದಿತ್ತು. ಕುಕೀಸ್ ಅಂದರೆ ಬಿಸ್ಕತ್ತಿನಂಥ ತಿಂಡಿ, ವೆಬ್‌ಸೈಟುಗಳು ನಮ್ಮ ಕಂಪ್ಯೂಟರಿನಲ್ಲಿ ಉಳಿಸುವ ಪುಟ್ಟ ಮಾಹಿತಿಗೂ ಅದೇ ಹೆಸರು. ಹಾಗಾಗಿ ಬೇಕರಿ ತಿಂಡಿಗಳ ಗುಂಪಿಗೆ ಅದು ಈ ಇಂಟರ್ನೆಟ್ ಕುಕೀಸನ್ನೂ ಹಾಕಿಕೊಂಡಿತು. ಜನ 'ಕುಕೀಸ್ ಡಿಲೀಟ್ ಮಾಡಿದೆ', 'ಫೈಲ್ ಡಿಲೀಟ್ ಮಾಡಿದೆ' ಅಂತ ಬರೆಯುತ್ತಾರಲ್ಲ, ಹಾಗಾಗಿ ಫೈಲ್‌ಗಳೂ ಬೇಕರಿ ಸೇರಿದವು.

ಇದಕ್ಕೆ ಮಿಚೆಲ್ ತಂಡದ ಉಪಾಯ ಏನೆಂದರೆ, ಎಲ್ಲ ಗುಂಪುಗಳನ್ನೂ ಒಟ್ಟಿಗೆ ಕಲಿಸಿ ಒಂದಕ್ಕೊಂದು ಕಾವಲು ಇಡುವುದು. ಊರು ಆದದ್ದು ಮನುಷ್ಯ ಆಗಲಾರದು. 'ಮೇಯರ್' ಅನ್ನುವ ಸಂಬಂಧದಲ್ಲಿ ಒಂದು ಕಡೆ ಮನುಷ್ಯ, ಇನ್ನೊಂದು ಕಡೆ ಊರು ಇರಲೇಬೇಕು. ವಾಕ್ಯ ಒಂದು ಹೇಳಿ, ಪುಟದಲ್ಲಿರುವ ಪಟ್ಟಿ ಇನ್ನೊಂದು ಹೇಳಿದರೆ ನೆಲ್ ಸುಲಭಕ್ಕೆ ನಂಬುತ್ತಿರಲಿಲ್ಲ. ಇಷ್ಟಾದರೂ ಮೊದಲ ಆರು ತಿಂಗಳ ನಂತರ ತಂಡದವರೇ ಆಗಾಗ ಕೂತು ಎದ್ದುಕಾಣುವ ತಪ್ಪುಗಳನ್ನು ತಿದ್ದಬೇಕಾಯಿತು. 2010ರ ಅಕ್ಟೋಬರ್ ಹೊತ್ತಿಗೆ ಸುಮಾರು 3,90,000 ವಿಷಯ ಸೇರಿದ್ದವು, ಅಂದಾಜು ನೂರರಲ್ಲಿ 87 ಸರಿ. ನನ್ನ ಪ್ರಕಾರ ಜಾಸ್ತಿಯೇ.

ನಾನೂ ಅದನ್ನೇ ನಕಲು ಮಾಡಿ 'ದೇಹದ ಭಾಗ ತಿಂಡಿ ಆಗಲಾರದು' ಅಂತ ಒಂದು ಕಾವಲು ಇಟ್ಟೆ. ತಲೆ ಹೊರಗೆ ಹೋಯಿತು. ಖುಷಿಯಲ್ಲಿ ಮನೆಯಲ್ಲಿ ಹೇಳಿದರೆ ಅಮ್ಮ, "ಹಾಗಾದ್ರೆ ಭಾನುವಾರದ ತಲೆಮಾಂಸ ಏನಪ್ಪಾ?" ಅಂದರು.