ಪದವಿನ ಪೊದೆ ಲೆಕ್ಕ: ಎರಡು ವಿಧಾನಕ್ಕೆ ಎರಡು ಉತ್ತರ ಯಾಕೆ?

ಮಣಿಪಾಲದ ಹತ್ತಿರದ ಪದವಿನಲ್ಲಿ (ಜಂಬಿಟ್ಟಿಗೆ ಕಲ್ಲಿನ ಎತ್ತರದ ಬಯಲು) ಚೌಕ ಹಾಕಿ ಪೊದೆ ಎಣಿಸಿದರೆ ಜಾಸ್ತಿ, ದೂರ ಅಳೆದು ಲೆಕ್ಕ ಹಾಕಿದರೆ ಅರ್ಧಕ್ಕಿಂತ ಕಡಿಮೆ ಬರುತ್ತಿದೆ, ಯಾವುದನ್ನು ನಂಬುವುದು ಅಂತ ಕೇಳಿದ್ದೀರಿ. ಚೌಕವನ್ನೇ ನಂಬಿ.

ದೂರ ಅಳೆಯುವ ನಿಮ್ಮ ಸೂತ್ರವೇನೋ ಸರಿಯೇ ಇದೆ. ಬಿಂದುವಿನ ಸುತ್ತಲಿನ ನಾಲ್ಕು ಭಾಗಗಳಲ್ಲೂ ತೀರಾ ಹತ್ತಿರದ ಗಿಡದ ದೂರ ಅಳೆಯುವುದು, ಎಲ್ಲದರ ಸರಾಸರಿಯ ವರ್ಗದಿಂದ 10,000ವನ್ನು ಭಾಗಿಸುವುದು. ಸರಾಸರಿ 2 ಮೀಟರ್ ಬಂದರೆ ಹೆಕ್ಟೇರಿಗೆ 2,500 ಗಿಡ. ಆದರೆ ಸಸ್ಯವಿಜ್ಞಾನಿಗಳಾದ ಕಾಟಮ್ ಮತ್ತು ಕರ್ಟಿಸ್ 1956ರಲ್ಲಿ ಈ ವಿಧಾನದ ಕುರಿತು ಬರೆದದ್ದು ಕಾಡಿನ ಮರಗಳ ಬಗ್ಗೆ. ಗಿಡಗಳು ಎಲ್ಲೆಂದರಲ್ಲಿ ಚದುರಿರಬೇಕು ಅನ್ನುವುದು ಅದರ ಷರತ್ತು. ನಮ್ಮ ಪದವು ಹಾಗಿಲ್ಲ, ಅಲ್ವಾ? ಮುರಕಲ್ಲಿನ (ಜಂಬಿಟ್ಟಿಗೆ ಕಲ್ಲು) ಬಿರುಕಲ್ಲಿ ಮಣ್ಣು ನಿಂತ ಕಡೆ ಕೇಪಳ, ನೆಕ್ಕರೆ ಪೊದೆಗಳು ಗುಂಪುಗುಂಪಾಗಿ ಇರುತ್ತವೆ. ಪಕ್ಕದಲ್ಲೇ ಬೋಳು ಪಾದೆ (ಬಂಡೆ). ಬಿಂದು ಪಾದೆ ಮೇಲೆ ಬಿದ್ದಾಗೆಲ್ಲ ದೂರ ಹೆಚ್ಚುತ್ತದೆ, ಸಂಖ್ಯೆ ಕುಸಿಯುತ್ತದೆ.

ಚಿಕ್ಕ ಚೌಕದ ಬದಲು ಉದ್ದನೆಯ ಪಟ್ಟಿ ಮಾಡಿ ನೋಡಿ. 50 ಮೀಟರ್ ನೈಲಾನ್ ಹಗ್ಗ ಎಳೆದು, 2 ಮೀಟರ್ ಬಿದಿರು ಕೋಲನ್ನು ಅಡ್ಡ ಹಿಡಿದು ನಡೆಯಿರಿ. ಗುಂಪು, ಬೋಳು ಎರಡೂ ಒಂದೇ ಪಟ್ಟಿಯಲ್ಲಿ ಸಿಗುತ್ತವೆ, ಹಾಗಾಗಿ ಪಟ್ಟಿಯಿಂದ ಪಟ್ಟಿಗೆ ವ್ಯತ್ಯಾಸ ಕಡಿಮೆ. ಕೊಂಬೆ ಒಳಗೆ ಚಾಚಿದರೆ ಸಾಲದು, ಬುಡ ಒಳಗಿದ್ದರೆ ಮಾತ್ರ ಎಣಿಸಿ. ಕೇಪಳದ ತಲೆನೋವೇ ಬೇರೆ: ಒಂದು ಬುಡದಿಂದ ಹತ್ತಾರು ಕಾಂಡ. ಒಂದು ಗಿಡ ಅಂದರೆ ಏನು ಅಂತ ಮೊದಲೇ ಬರೆದಿಟ್ಟುಕೊಳ್ಳಿ.

ಮಳೆಗಾಲದಲ್ಲಿ ಬೇಡ. ಹುಲ್ಲಿನಲ್ಲಿ ಸಣ್ಣ ಗಿಡ ಕಾಣುವುದೇ ಇಲ್ಲ.